ಪೆಟ್ರೋಲು ಕುಡಿಯುವ ಸವತಿ

ಉಳವಪ್ಪ ತೀರಿಕೊಂಡ ಮರುದಿನ ಬೆಳಗಾಗುವುದರೊಳಗೆ ಘಾಟಿನ ದೋಣಿಯನ್ನು ಕಲ್ಲುಕಂಬಕ್ಕೆ ಸರಪಳಿಯಿಂದ ಬಿಗಿದು ಕೀಲಿ ಹಾಕಿದ್ದರು. ಉಳವಪ್ಪನ ಸ್ವಂತ ದೋಣಿಯ ಹುಟ್ಟುಗಳನ್ನೂ ಒಯ್ದಿದ್ದರು. ಹೊಳೆಯ ಆಚೆ ದಂಡೆಯ ಸಮಗಾರ ಕೇರಿಯವರು ಅವನಿಗೆ ಮಣ್ಣು ಕೊಡಲು ಬರಬಾರದೆಂದು ಹಾಗೆ ಮಾಡಿದ್ದರು. ಕೀಲಿಕೈ ಉಳವಪ್ಪನ ಅಣ್ಣ ಗುರುಪುತ್ರಪ್ಪನ ಉಡಿದಾರದಲ್ಲಿತ್ತು.

"ಏ, ಬಲಕ್ಕ ವಾಲ್ತಾನ್ರೋ! ಬಾಜೂಕ ಒಂದ ತಲಿದಿಂಬರ ಇಡ್ರಿ!"

ಖಾನಾಪುರದ ಘಾಟಗಲ್ಲಿಯ ಆ ಮನೆಯ ಪಡಸಾಲೆಯಲ್ಲಿ ನಾಲ್ಕು ಮಂದಿ ಸೇರಿ ಉಳವಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಲು ಹೆಣಗುತ್ತಿದ್ದರು. ಮೈತೊಳೆದು, ಹಣೆ ತೋಳಿಗೆಲ್ಲ ವಿಭೂತಿ ಬಳಿದು, ಪಟಗ ಸುತ್ತಿ, ಎಡ ಅಂಗೈಯಲ್ಲಿ ಲಿಂಗ ಇಟ್ಟಾಗಿತ್ತು. ಎಲ್ಲ ಸರಿಯಾಗಿತ್ತು, ತಲೆ ಮಾತ್ರ ನಿಲ್ಲುತ್ತಿರಲಿಲ್ಲ. ನೆಟ್ಟಗೆ ಮಾಡಿ ಕೈಬಿಟ್ಟರೆ ಸಾವಕಾಶ ಬಲಕ್ಕೆ ಬಾಗಿ, ಹಿಂದಿನ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತುಬಿಡುತ್ತಿತ್ತು.

"ಅಲ್ಲಿ ನೋಡ ಶಿವಲಿಂಗಿ," ಎಂದಳು ಪಕ್ಕದ ಮನೆಯ ಚಂದ್ರಭಾಗಾ, ಮೂಗು ಒರೆಸುತ್ತಲೇ. "ಸತ್ತ ಮ್ಯಾಲೂ ನಿನ್ನ ಗಂಡನ ಕಿವಿ ಸವತಿ ಕಡೇನೇ ಐತಿ. ಆಕಿ ಕೆಮ್ಮ್ಯಾಳೇನೂ ಅಂತ ಕೇಳಾಕತ್ತಾನ!"

ಅಳುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದೊಬ್ಬರಿಗೆ ದಾಟಿ ದಾಟಿ ಕಡೆಗೆ ಶಿವಲಿಂಗವ್ವನವರೆಗೂ ಬಂತು. ರಾತ್ರಿಯಿಡೀ ಅತ್ತು ಬಾತ ಕಣ್ಣಲ್ಲೇ ಅವಳು ನಕ್ಕಳು. ಗಂಡನ ಪಟಗ ಸರಿಮಾಡಿ, "ಇರ್ಲಿ ಬಿಡ್ರಿ, ಹಂಗ ಕುಂದರ್ಲಿ. ಅವಗ ಹಂಗ ಛಲೋ ಅನಸ್ತೈತಿ," ಎಂದಳು.

ಸವತಿಯೆಂದರೆ ಹೆಂಗಸಲ್ಲ. ಹಿಂದಿನ ಕೋಣೆಯಲ್ಲಿ ನಾಲ್ಕು ಕಾಲಿನ ಮರದ ಆಸರೆಯ ಮೇಲೆ ನಿಂತಿದ್ದ, ದೋಣಿಯ ಬೆನ್ನಿಗೆ ತಗುಲಿಹಾಕುವ ಒಂದು ಮೋಟಾರು. ಮೇಲೆ ರೊಟ್ಟಿಯ ಹಂಚಿನಷ್ಟಗಲದ ಗಾಲಿ, ನಡುವೆ ಉದ್ದ ಕಬ್ಬಿಣದ ಕಾಲು, ಕೆಳಗೆ ಹಿತ್ತಾಳೆಯ ಮೂರೆಸಳಿನ ಪಂಖ. ಬೆಳಗಾವಿಯ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಸೀರೆ ಧೋತರ ಅಳೆಯುತ್ತಿದ್ದ ಉಳವಪ್ಪ, ಸೋಮವಾರ ರೈಲಿಗೆ ಹೋಗಿ ಶನಿವಾರ ಸಂಜೆಯ ರೈಲಿಗೆ ಬರುತ್ತಿದ್ದ ಉಳವಪ್ಪ, ಜನ್ಮದಲ್ಲಿ ಒಂದು ಹಟ ಹಿಡಿದಿದ್ದರೆ ಅದು ಈ ಸತ್ತ ಮೋಟಾರಿಗೆ ಜೀವ ಕೊಡುವ ಹಟ. ಜೀವ ಕೊಟ್ಟೂ ಇದ್ದ. ಭಾನುವಾರ ಮಧ್ಯಾಹ್ನ ಅದಕ್ಕೆ ಎಣ್ಣೆ ಹಚ್ಚಿ, ತಾನು ಮಜ್ಜಿಗೆ ಅನ್ನ ಉಂಡು ಮಲಗಿದವನು ಏಳಲಿಲ್ಲ.

ಶಿವಲಿಂಗವ್ವ ಹಿತ್ತಲ ಬಾಗಿಲಿಗೆ ಹೋಗಿ ನೋಡಿದಳು. ಮಹಾನವಮಿ ಹತ್ತಿರ ಬಂದಿದ್ದರೂ ಕಣಕುಂಬಿಯ ಕಡೆ ಮಳೆ ಇನ್ನೂ ಬಿಟ್ಟಿರಲಿಲ್ಲ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಆಚೆ ದಂಡೆಯಲ್ಲಿ ಕೇರಿಯ ಮಂದಿ ಸಾಲಾಗಿ ನಿಂತಿದ್ದರು. ಕೂಗುತ್ತಿರಲಿಲ್ಲ, ಕರೆಯುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ, ನೀರಿಗೆ ಕಾಲು ಇಳಿಬಿಟ್ಟು ಉಳವಪ್ಪನ ಗೆಳೆಯ ಲಕ್ಷ್ಮಪ್ಪ ಕುಳಿತಿದ್ದ.

ಪಡಸಾಲೆಗೆ ಬಂದು ಗುರುಪುತ್ರಪ್ಪನೆದುರು ನಿಂತಳು. ಅವನು ಗಲ್ಲಿಯ ಪಂಚನೂ ಹೌದು. ಕಾಂಗ್ರೆಸ್ಸಿನ ದೊಡ್ಡ ಸಭೆ ಬೆಳಗಾವಿಯಲ್ಲಾದಾಗ ಸ್ವಯಂಸೇವಕನಾಗಿ ಹೋಗಿ, ಎಲ್ಲ ಜಾತಿಯವರ ಪಂಕ್ತಿಗೆ ನೀರು ಬಡಿಸಿ ಬಂದಿದ್ದ. ಆಗ ಹಾಕಿಕೊಂಡ ಖಾದಿ ಟೋಪಿ ಈಗಲೂ ತಲೆಯ ಮೇಲಿತ್ತು. ನೀರಿನ ಕೊಡ ಮಾತ್ರ ಬೆಳಗಾವಿಯಲ್ಲೇ ಉಳಿದಿತ್ತು.

"ಭಾವಾರ, ಘಾಟಿನ ದೋಣಿಗಿ ಕೀಲಿ ಬಿದ್ದೈತಂತ?"

"ಬಿದ್ದೈತಿ."

"ತಾನ ಬಿತ್ತೋ, ಯಾರರ ಹಾಕಿದ್ರೋ?"

"ನೋಡ ತಂಗಿ," ಗುರುಪುತ್ರಪ್ಪ ದನಿ ತಗ್ಗಿಸಿದ. "ನನಗೇನ ಅವರ ಮ್ಯಾಲ ಸಿಟ್ಟಿಲ್ಲ. ಆದ್ರ ಅವ್ರು ಬಂದು ಗುಂಡಿಗಿ ಕೈ ಹಚ್ಚಿದ್ರ ಅಯ್ಯನೋರು ಕ್ರಿಯಾ ಮಾಡೂದಿಲ್ಲ ಅಂದಾರ."

"ಅಯ್ಯನೋರು ನಂದಗಡದಿಂದ ಇನ್ನೂ ಚಕ್ಕಡೀನ ಹತ್ತಿಲ್ಲ. ನಿಮಗ ಯಾವಾಗ ಅಂದ್ರು?"

ಗುರುಪುತ್ರಪ್ಪ ಟೋಪಿ ತೆಗೆದು, ಝಾಡಿಸಿ, ಮತ್ತೆ ಹಾಕಿಕೊಂಡ. "ಅಂತಾರ. ಅನ್ನೂ ಮಾತು ಮೊದಲ ಗೊತ್ತಿರ್ತೈತಿ. ನೀ ಗಂಡನ ಬಾಜೂಕ ಕುಂದರು. ಹೆಣಾ ಬಿಟ್ಟು ಹೇಣ್ತಿ ಏಳಬಾರ್ದು."

"ಅವ್ರು ಮಣ್ಣ ಕೊಡದ ನನ್ನ ಗಂಡ ಗುಂಡಿಯಾಗ ಹ್ಯಾಂಗ ಕುಂದ್ರತಾನ ಭಾವಾರ? ಆಂವ ನಕ್ಕದ್ದು, ಉಂಡದ್ದು ಎಲ್ಲಾ ಅವರ ಸಂಗಾಟ."

"ಅದಽ ನೋಡ, ಆಂವ ಮಾಡಿದ ತಪ್ಪು," ಎಂದು ಗುರುಪುತ್ರಪ್ಪ ಭಜನೆಯವರ ಕಡೆ ತಿರುಗಿ, "ಯಾಕ್ರೋ, ತಾಳ ನಿಂತಾವು?" ಎಂದು ಗದರಿದ.

ಭಜನೆಯವರು ಬಸವಣ್ಣನ ಹೆಸರು ಎತ್ತಿಕೊಂಡು ಜೋರಾಗಿ ತಾಳ ಕುಟ್ಟತೊಡಗಿದರು. ಹಾಡಿನಲ್ಲಿ ಜಾತಿ ಇರಲಿಲ್ಲ. ಹಾಡು ಹೊಸ್ತಿಲು ದಾಟುತ್ತಲೂ ಇರಲಿಲ್ಲ.

*

ಸವತಿ ಬಂದದ್ದು ರೈಲಿನಲ್ಲಿ.

ಬೆಳಗಾವಿಗೆ ಬೆಳಗಾವಿಯೇ ಕಾಂಗ್ರೆಸ್ಸಿನ ಪೆಂಡಾಲಿನ ಕಡೆ ನಡೆದಿದ್ದ ದಿನಗಳವು. ಉಳವಪ್ಪ ಅತ್ತ ಹೊರಟವನು ಹಾದಿ ತಪ್ಪಿ ದಂಡಿನ ಕ್ಯಾಂಪಿನ ಒಂದು ಹರಾಜಿನೊಳಗೆ ಸಿಕ್ಕಿಬಿದ್ದ. ಮುರಿದ ಡೇರೆಗೂಟ, ತೂತುಬಿದ್ದ ಬಕೆಟ್ಟುಗಳ ನಡುವೆ ತಲೆಕೆಳಗಾಗಿ ಬಿದ್ದಿತ್ತು ಅದು. ಯಾವನೋ ಮಿಲಿಟರಿ ದೊರೆ ಮೀನು ಹಿಡಿಯಲೆಂದು ತರಿಸಿ, ಕೆರೆಯಲ್ಲಿ ಮುಳುಗಿಸಿ, ಎತ್ತಿ ಬಿಸಾಕಿದ್ದು. ಉಳವಪ್ಪ ಹಿತ್ತಾಳೆಯ ಪಂಖವನ್ನು ಬೆರಳಿಂದ ತಿಕ್ಕಿದ. ತಿಕ್ಕಿದಲ್ಲಿ ಬಂಗಾರದ ಹಾಗೆ ಹೊಳೆಯಿತು. ಆವತ್ತು ಅವನಿಗೆ ಸ್ವರಾಜ್ಯ ಮರೆತುಹೋಯಿತು.

ಹೆಂಡತಿಗೆಂದು ಅಂಗಡಿಯಿಂದ ಕೊಂಡಿದ್ದ ಇಳಕಲ್ಲ ಸೀರೆ ಬಗಲಲ್ಲೇ ಇತ್ತು. ಜಂಗು ಕೈಗೆ ಹತ್ತಬಾರದೆಂದು ಅದನ್ನೇ ಮೋಟಾರಿಗೆ ಸುತ್ತಿದ. ಖಾನಾಪುರ ಸ್ಟೇಶನ್ನಿನಲ್ಲಿ ಇಳಿದಾಗ ಮುಸ್ಸಂಜೆ. ಟಾಂಗಾದಲ್ಲಿ ಬಾಜೂಕ್ಕೆ ಕೂರಿಸಿ, ಬೀಳದ ಹಾಗೆ ಸೊಂಟಕ್ಕೆ ಕೈ ಬಳಸಿ, ಗುಂಡಿ ಬಂದಲ್ಲೆಲ್ಲ "ಸಾವಕಾಶ, ಸಾವಕಾಶ" ಎನ್ನುತ್ತ ಗಲ್ಲಿಯೊಳಗೆ ಬಂದ. ಕಟ್ಟೆಯ ಮೇಲೆ ಕುಳಿತವರು ಕಂಡದ್ದು ಸೀರೆಯುಟ್ಟು ತಲೆತುಂಬ ಸೆರಗು ಹೊದ್ದು, ಉಳವಪ್ಪನ ಹೆಗಲಿಗೆ ಒರಗಿ ಕುಳಿತ ಒಂದು ಗಿಡ್ಡ ಹೆಂಗಸನ್ನು.

ಟಾಂಗಾಕ್ಕಿಂತ ಮೊದಲು ಸುದ್ದಿ ಮನೆ ಮುಟ್ಟಿತು. ಚಂದ್ರಭಾಗಾ ಓಡಿಬಂದು, "ಶಿವಲಿಂಗೀ, ಮುಳುಗಿತಲ್ಲವಾ ನಿನ್ನ ಬಾಳು! ಬೆಳಗಾವಿಯಿಂದ ಇನ್ನೊಂದ ಕಟಗೊಂಡ ಬಂದಾನ!" ಎಂದು ಎದೆ ಬಡಿದುಕೊಂಡಳು. ಶಿವಲಿಂಗವ್ವ ಒಲೆಯೊಳಗಿನ ಕೊಳ್ಳಿ ಹಿಡಿದೇ ಬಾಗಿಲಿಗೆ ಬಂದಳು. ಉಳವಪ್ಪ ಟಾಂಗಾದಿಂದ ಇಳಿದು, ಆ ಹೆಂಗಸನ್ನು ಎರಡೂ ಕೈಯಿಂದ ಎತ್ತಿ ತಂದು, ಹೊಸ್ತಿಲೊಳಗೆ ನಿಲ್ಲಿಸಿ ಸೆರಗು ತೆಗೆದ.

ಜಂಗು ಹಿಡಿದ ಕಬ್ಬಿಣ. ಗಾಲಿಯ ಸಂದಿಯಿಂದ ಒಂದು ಏಡಿ ಇಳಿದು ಅಡುಗೆಮನೆಗೆ ನಡೆಯಿತು.

ಶಿವಲಿಂಗವ್ವ ಗಂಡನನ್ನು ನೋಡಿದಳು, ಕಬ್ಬಿಣ ನೋಡಿದಳು, ಎಣ್ಣೆ ಮೆತ್ತಿದ ತನ್ನ ಹೊಸ ಸೀರೆ ನೋಡಿದಳು. "ಹೆಣ್ಣ ತಂದಿದ್ರ ಬೈತಿದ್ದೆ," ಎಂದಳು. "ಇದಕ್ಕ ಏನಂತ ಬೈಲಿ?"

ಹೆಸರು ಆವತ್ತೇ ಬಿತ್ತು. ಊರಿನವರಷ್ಟೇ ಅಲ್ಲ, ಉಳವಪ್ಪನೂ ಹಾಗೇ ಕರೆಯತೊಡಗಿದ. ಅಂಗಡಿಯಲ್ಲಿ ಶನಿವಾರ ಬಂತೆಂದರೆ, "ಹೊತ್ತಾತ್ರಿ, ಸಣ್ಣಾಕಿ ಹಾದಿ ಕಾಯ್ತಿರ್ತಾಳು," ಎಂದು ಗಜಕಡ್ಡಿ ಮೂಲೆಗಿಟ್ಟು ಹೊರಡುತ್ತಿದ್ದ.

*

ಮುಂಜಾನೆಯ ರೈಲಿಗೆ ಬೆಳಗಾವಿಯಿಂದ ಮಾರ್ತಾಂಡರಾಯರು ಬಂದರು. ಬಟ್ಟೆ ಅಂಗಡಿಯ ಹಳೆಯ ಮುನೀಮರು, ಉಳವಪ್ಪನ ಬಾಜೂಕ್ಕೆ ಕುಳಿತೇ ಮುದುಕರಾದವರು. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ದುಃಖದಲ್ಲಿ ಎರಡೂ. ಉಳವಪ್ಪನ ಕಾಲು ಮುಟ್ಟಿ ಕಣ್ಣೀರು ಹಾಕಿದರು. ಆಮೇಲೆ ಬಗಲಲ್ಲಿದ್ದ ಗಂಟು ಬಿಚ್ಚಿ ಒಂದು ಸೀರೆ ತೆಗೆದು ಶಿವಲಿಂಗವ್ವನ ಮುಂದಿಟ್ಟರು. ಸತ್ತವನ ಹೆಂಡತಿಗೆ ಆಪ್ತರು ಸೀರೆ ತರುವುದು ರೂಢಿ.

ಗಂಟಿನಲ್ಲಿ ಇನ್ನೊಂದು ಸೀರೆ ಉಳಿದಿತ್ತು. ರಾಯರು ಅದನ್ನು ತೆಗೆಯಲೂ ಇಲ್ಲ, ಮುಚ್ಚಲೂ ಇಲ್ಲ.

"ವಹಿನಿ," ಎಂದರು ನೆಲ ನೋಡುತ್ತ. "ಸಿಟ್ಟ ಮಾಡ್ಕೋಬ್ಯಾಡ್ರಿ. ಇಂಥಾ ಹೊತ್ತನ್ಯಾಗ ಕೇಳಬಾರ್ದು. ಆದ್ರ ಅವರೂ ಒಂದ ಜೀವಾನೇ ಅಲ್ಲೇನ್ರಿ? ಅವ್ರಿಗೆ ತಿಳಿಸ್ಯಾರೇನು?"

"ಯಾರಿಗ್ರೀ ರಾಯರ?"

"ಅವ್ರಿಗೆ. ಸಣ್ಣವ್ರಿಗೆ." ರಾಯರ ಕಿವಿ ಕೆಂಪಾದವು. "ನಾಲ್ಕ ವರ್ಷ ಬಾಜೂಕ ಕೂತ ಕೇಳೀನಿ ವಹಿನಿ. 'ಆಕೀಗೆ ಎದಿ ಕಟ್ಟೇತಿ, ರಾತ್ರೆಲ್ಲಾ ಕೆಮ್ಮಿದ್ಲು' ಅಂತಿದ್ದ. 'ಈ ವಾರ ಉಸಿರ ಹಿಡಿದಾಳು' ಅಂತಿದ್ದ. ಸಂಸಾರದ ಮಾತಂತ ನಾ ಹೆಚ್ಚ ಕೇಳಲಿಲ್ಲ. ಒಂದ ಸಲ ಮಾತ್ರ 'ಔಷಧ ಏನ ಕೊಡ್ತೀಯೋ' ಅಂದೆ. 'ಔಡಲೆಣ್ಣಿ ಕುಡಸ್ತೀನ್ರಿ' ಅಂದ. ಪಾಪ, ಯಾಂಥಾ ಹೆಣ್ಣೋ ಏನೋ ಅಂತ ನಮ್ಮ ಮನ್ಯಾಗ ಅಲಕಾ ಒಂದ ಕುಪ್ಪಿ ತುಳಸಿ ಕಷಾಯ ಸುದ್ದಾ ಮಾಡಿ ಕಳಿಸಿದ್ಲು."

ತಾಳದವನ ಕೈ ನಡುವೆಯೇ ನಿಂತಿತು. ಶಿವಲಿಂಗವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು, ತಡೆಯಲಾಗಲಿಲ್ಲ.

"ಆ ಕಷಾಯ ನಾನಽ ಕುಡದ್ನಿರೀ ರಾಯರ," ಎಂದಳು. "ಭಾಳ ಛಲೋ ಇತ್ತು."

ಅವಳು ಎದ್ದು, ರಾಯರನ್ನು ಕರೆದು, ಹಿಂದಿನ ಕೋಣೆಯ ಬಾಗಿಲು ದೂಡಿದಳು. ಕಿಟಕಿಯ ಬೆಳಕಿನಲ್ಲಿ ಹಿತ್ತಾಳೆಯ ಪಂಖ ಫಳಗುಟ್ಟುತ್ತಿತ್ತು. ಮಾರ್ತಾಂಡರಾಯರು ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಹಣೆಗೆ ಅಂಗೈ ಹೊಡೆದುಕೊಂಡು ಅಲ್ಲೇ ಕುಸಿದು ಕುಳಿತು, ಮೈ ಕುಲುಕಿಸಿ ನಗತೊಡಗಿದರು.

"ಅಯ್ಯ ಹಲ್ಕಟ್ಟಾ! ನಾಲ್ಕ ವರ್ಷ ನಾ ಈ ಕಬ್ಬಿಣಕ್ಕ ಆರೋಗ್ಯ ಬಯಸಿ ಗಣಪತಿಗೆ ದೂರ್ವಾ ಏರಿಸೀನಲ್ಲೋ!"

ಹೊರಗಿನ ಹೆಂಗಸರು ಬಾಗಿಲಿಗೆ ಬಂದು ನಿಂತು ನಕ್ಕರು. ಭಜನೆಯವರು ತಾಳದ ಮೇಲೆ ಬಿದ್ದು ನಕ್ಕರು. ಗೋಡೆಗೆ ಒರಗಿದ್ದ ಉಳವಪ್ಪನ ತಲೆ ಮತ್ತಷ್ಟು ಬಲಕ್ಕೆ ವಾಲಿತು.

ಗುರುಪುತ್ರಪ್ಪ ಒಬ್ಬನೇ ನಗಲಿಲ್ಲ. ಆ ಮೋಟಾರಿನ ಮೇಲೆ ಅವನಿಗೆ ಹಳೆಯ ಹಗೆಯಿತ್ತು.

*

ಮೋಟಾರನ್ನು ಮೊದಲು ಬಿಚ್ಚಿದ್ದು ಇದೇ ಅಂಗಳದಲ್ಲಿ. ಜಂಗು ಬಿಡಿಸಲು ಸೀಮೆಎಣ್ಣೆ ಹೊಯ್ದು ವಾರಗಟ್ಟಲೆ ನೆನೆಹಾಕಿದರು. ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದರು. ಎಲ್ಲ ಆದ ಮೇಲೆ ತಿಳಿಯಿತು, ಒಳಗಿನ ನೀರೆತ್ತುವ ಪಂಪಿನ ತೊಗಲಿನ ಬಿಲ್ಲೆ ಕೊಳೆತುಹೋಗಿದೆ ಎಂದು. ಉಳವಪ್ಪ ಆಚೆ ದಂಡೆಯಿಂದ ಲಕ್ಷ್ಮಪ್ಪನನ್ನು ಕರೆತಂದು ಅಂಗಳದಲ್ಲಿ ಕೂರಿಸಿದ. ತೊಗಲು ಕೊಯ್ಯುವುದರೊಳಗೆ ಗಲ್ಲಿ ನೆರೆಯಿತು. ಸಮಗಾರ ಅಂಗಳಕ್ಕೆ ಬಂದನೆಂದು ಒಬ್ಬ, ಹಸಿ ತೊಗಲ ನಾತವೆಂದು ಇನ್ನೊಬ್ಬ. ಅವರೆಲ್ಲರ ಕಾಲಲ್ಲಿ ಲಕ್ಷ್ಮಪ್ಪ ಹೊಲಿದ ಜೋಡುಗಳಿದ್ದವು.

"ಬರೊಬ್ಬರಿ," ಎಂದ ಉಳವಪ್ಪ. "ಆಂವ ಇಲ್ಲಿ ಬರಬಾರ್ದಂದ್ರ ನಾವಽ ಅಲ್ಲಿ ಹೋಗ್ತೇವಿ." ಮೋಟಾರಿನ ತುಂಡುಗಳನ್ನೆಲ್ಲ ಬುಟ್ಟಿಗೆ ತುಂಬಿ, ತನ್ನ ಸಣ್ಣ ದೋಣಿಗೆ ಹಾಕಿ, ಹುಟ್ಟು ಹಾಕುತ್ತ ಹೊಳೆ ದಾಟಿಬಿಟ್ಟ.

ಅಲ್ಲಿಂದ ಮುಂದೆ ಭಾನುವಾರಗಳೆಲ್ಲ ಲಕ್ಷ್ಮಪ್ಪನ ಅಂಗಳದಲ್ಲಿ. ಲಕ್ಷ್ಮಪ್ಪನಿಗೂ ಮೋಟಾರಿನ ಬಗ್ಗೆ ಉಳವಪ್ಪನಷ್ಟೇ ಗೊತ್ತಿತ್ತು, ಅಂದರೆ ಏನೂ ಇಲ್ಲ. "ಇದರಾಗ ಸಾಹೇಬನ ದೆವ್ವಾ ಐತ್ರಿ, ಇಂಗ್ಲಿಷನ್ಯಾಗ ಬೈದ್ರ ಎದ್ದ ಹೊಂಡತೈತಿ," ಎನ್ನುತ್ತಿದ್ದ. ಇಬ್ಬರೂ ತಮಗೆ ಬರುವ ಎರಡು ಇಂಗ್ಲಿಷು ಬೈಗುಳ ಬೈದು ಗಾಲಿ ತಿರುವುತ್ತಿದ್ದರು. ಗಾಲಿಯ ಮೇಲಿನ ಹಿಡಿಕೆ ತಿರುಗಿ ಬಂದು ಮಣಿಕಟ್ಟಿಗೆ ಬಡಿಯುತ್ತಿತ್ತು. ಬಡಿಸಿಕೊಂಡವನು ಹಾರುತ್ತಿದ್ದ, ಇನ್ನೊಬ್ಬ ನಗುತ್ತಿದ್ದ. ಕಿಡಿ ಹಾರಿಸುವ ಸಣ್ಣ ತುಂಡಿಗೆ ಲಕ್ಷ್ಮಪ್ಪನ ಹೆಂಡತಿ ಮಾಯಕ್ಕ 'ನತ್ತು' ಎಂದು ಹೆಸರಿಟ್ಟಳು. ಸವತಿಗೆ ಮೂಗಿಗೊಂದು ಬೇಡವೇ?

ಶಿವಲಿಂಗವ್ವ ಮೊದಮೊದಲು ಗಂಡನ ಜೊತೆ ಹೋಗುವಾಗ ಮನೆಯಿಂದ ತಂಬಿಗೆಯಲ್ಲಿ ನೀರು ಒಯ್ಯುತ್ತಿದ್ದಳು. ಒಂದು ಭಾನುವಾರ ತಂಬಿಗೆ ಮರೆತಳು. ಬಿಸಿಲು ಏರಿತು, ಗಂಟಲು ಒಣಗಿತು. ಮಾಯಕ್ಕ ಗಡಿಗೆಯ ಕಡೆ ನೋಡಿ, ಬೇರೆ ಕಡೆ ಮುಖ ತಿರುವಿದಳು. ಶಿವಲಿಂಗವ್ವ ತಾನೇ ಎದ್ದು ಬಗ್ಗಿಸಿಕೊಂಡು ಕುಡಿದಳು. ನೀರು ನೀರಿನ ಹಾಗೇ ಇತ್ತು. ಮುಂದಿನ ಭಾನುವಾರ ಅವಳು ತಂಬಿಗೆ ಮರೆಯಲಿಲ್ಲ, ಬಿಟ್ಟು ಬಂದಳು.

ಕಡೆಗೊಂದು ದಿನ ಸವತಿ ಉಸಿರು ಹಿಡಿದಳು. ಮೋಟಾರಿನ ದೋಣಿ ಈಚೆ ದಂಡೆಯಿಂದ ಶಾಸ್ತ್ರೋಕ್ತವಾಗಿ ಹೊರಡಬೇಕೆಂದು ಉಳವಪ್ಪ ಅಣ್ಣನನ್ನೇ ಕರೆದು, ಮಾಲೆ ಹಾಕಿ, ಮುಂದಿನ ಹಲಗೆಯ ಮೇಲೆ ಕೂರಿಸಿದ. ಗುರುಪುತ್ರಪ್ಪ ಟೋಪಿ ನೆಟ್ಟಗೆ ಮಾಡಿಕೊಂಡು ಪ್ರವಾಹದ ಕಡೆ ನೋಡುತ್ತ ಕುಳಿತ. ಉಳವಪ್ಪ ಗಾಲಿ ತಿರುವಿದ. ಢಂ ಎಂದಿತು. ದೋಣಿ ಹಿಂದಕ್ಕೆ ಹೊರಟಿತು.

ಒಳಗೆ ಯಾವುದೋ ಒಂದು ತುಂಡನ್ನು ಇಬ್ಬರೂ ಸೇರಿ ತಿರುವುಮುರುವಾಗಿ ಕೂರಿಸಿಬಿಟ್ಟಿದ್ದರು. ದೋಣಿ ಸೆಳವಿಗೆ ಗಿರ್ರನೆ ತಿರುಗಿ, ಬೆನ್ನು ಮುಂದೆ ಮಾಡಿ, ನೀರಲ್ಲಿ ಬಿದ್ದುಕೊಂಡಿದ್ದ ಎಮ್ಮೆಗಳನ್ನು ಸೀಳಿಕೊಂಡು, ಗುರುಪುತ್ರಪ್ಪನನ್ನು ಹಿಮ್ಮುಖವಾಗಿ ಹೊತ್ತು ಆಚೆ ದಂಡೆಯ ಕೆಸರಿಗೆ ನುಗ್ಗಿ ನಿಂತಿತು. ಮೋಟಾರು ಮತ್ತೆ ಹೊತ್ತಲಿಲ್ಲ. ಹುಟ್ಟುಗಳು ಈಚೆ ದಂಡೆಯಲ್ಲಿದ್ದವು. ಸಂಜೆಯವರೆಗೆ ಗುರುಪುತ್ರಪ್ಪ ಕೊರಳಲ್ಲಿ ಮಾಲೆ ಹಾಕಿಕೊಂಡು ಕೇರಿಯ ದಂಡೆಯಲ್ಲಿ ನೀರಡಿಸಿ ಕುಳಿತಿದ್ದ. ಮಾಯಕ್ಕ ಗಡಿಗೆ ತಂದು ದೂರದಲ್ಲಿಟ್ಟಳು. ಗುರುಪುತ್ರಪ್ಪ ಮುಟ್ಟಲಿಲ್ಲ. ಅವನ ಸಿಟ್ಟು ಬಾಯಾರಿಕೆಯದ್ದಲ್ಲ. ಗಡಿಗೆಯ ಕಡೆ ತನ್ನ ಕಣ್ಣು ಮತ್ತೆ ಮತ್ತೆ ಹೋದದ್ದನ್ನು ಕೇರಿಯ ಹೆಂಗಸರು ಕಂಡರಲ್ಲ, ಅದರದ್ದು.

"ಬಿಚ್ಚಿ ಸರಿ ಮಾಡೂಣೇನ್ರಿ?" ಎಂದು ಲಕ್ಷ್ಮಪ್ಪ ಕೇಳಿದ್ದ.

ಉಳವಪ್ಪ ತಲೆಯಾಡಿಸಿದ. "ಬಿಚ್ಚಿದ್ರ ಉಸಿರ ಹೋದೀತು. ಮೋಟಾರ ಯಾಕ ತಿರುವೂದು? ನಾವಽ ತಿರುಗಿ ಕುಂದ್ರೂಣು."

ದೋಣಿಯಲ್ಲಿ ಕೂರುವ ಹಲಗೆಗಳನ್ನೇ ಕಿತ್ತು ಹಿಂದುಮುಂದಾಗಿ ಬಡಿದರು. ಅದಾದ ಮೇಲೆ ಖಾನಾಪುರದಲ್ಲಿ ಬೆನ್ನು ಮುಂದಾಗಿ ಓಡುವ, ಯಾರೇ ಬಂದರೂ 'ಹತ್ರಿ' ಎನ್ನುವ ದೋಣಿ ಅದೊಂದೇ.

*

"ಆತೇನ ನಗೂದು?" ಎಂದ ಗುರುಪುತ್ರಪ್ಪ. "ಅಯ್ಯನೋರು ಬರೂ ಹೊತ್ತಾತು. ರಾಯರ, ನೀವು ಹಿರ್ಯಾರು, ಈಕೀಗೆ ಬುದ್ಧಿ ಹೇಳ್ರಿ. ಆಚೀ ಕೇರ್ಯಾವ್ರು ಬರಲೇಬೇಕಂತ ಕುಂತಾಳು."

"ಬಂದ್ರ ಏನಾತು?" ಎಂದರು ಮಾರ್ತಾಂಡರಾಯರು, ಇನ್ನೂ ಕಣ್ಣೊರೆಸುತ್ತ.

"ನಿಮ್ಮ ಮಂದಿ ಒಪ್ಪತಾರೇನು?"

ರಾಯರ ನಗು ನಿಂತಿತು. ಉತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶಿವಲಿಂಗವ್ವ ಇಬ್ಬರನ್ನೂ ನೋಡಿದಳು. ಮಾತು ಮುಗಿಯಿತೆಂದು ಅವಳಿಗೆ ಅನ್ನಿಸಿತು. ಅಡುಗೆಮನೆಗೆ ಹೋಗಿ ಒಲೆಯ ಗೂಡಿನಲ್ಲಿ ಬೆಚ್ಚಗಿಟ್ಟಿದ್ದ ನತ್ತು ತೆಗೆದುಕೊಂಡಳು. ಪೆಟ್ರೋಲಿನ ಡಬ್ಬಿಗೆ ಔಡಲೆಣ್ಣೆ ಬೆರೆಸಿ, ಹಿಟ್ಟಿಗೆ ನೀರು ನೋಡುವ ಹಾಗೆ ಬೆರಳಿಗೆ ಹಚ್ಚಿ ನೋಡಿದಳು. ವಾರದ ಆರು ದಿನ ಗಂಡ ಬೆಳಗಾವಿಯಲ್ಲಿದ್ದರೆ ಸವತಿಯೊಡನೆ ಬಾಳಿದವಳು ಅವಳೇ. ಒರೆಸಿದವಳು, ಎಣ್ಣೆಯೆರೆದವಳು, ಮನೆ ಖಾಲಿಯಿದ್ದಾಗ ಅದರೊಡನೆ ಮಾತಾಡಿದವಳೂ ಅವಳೇ. ಊರಿಗೆ ಅದು ಗೊತ್ತಿರಲಿಲ್ಲ. ಹುಟ್ಟುಗಳನ್ನು ಒಯ್ದವರು ಮೋಟಾರನ್ನು ಬಿಟ್ಟುಹೋಗಿದ್ದರು. ಅದರ ಗಂಡ ಸತ್ತನಲ್ಲ ಎಂದು.

"ರಾಯರ," ಎಂದಳು. "ಸಣ್ಣಾಕೀಗಿ ಸೀರಿ ತಂದೀರಲ್ಲ, ಕೊಡ್ರಿ. ಉಡಸೂಣು."

ಸೀರೆಯನ್ನು ಜೋಲಿಯ ಹಾಗೆ ಕಟ್ಟಿ, ಮೋಟಾರನ್ನು ಅದರಲ್ಲಿ ಮಲಗಿಸಿ, ಒನಕೆ ತೂರಿಸಿದಳು. ಒಂದು ತುದಿ ತನ್ನ ಹೆಗಲಿಗೆ. ಇನ್ನೊಂದು ತುದಿ ನೆಲದಲ್ಲೇ ಇತ್ತು. ಮಾರ್ತಾಂಡರಾಯರು ಒಮ್ಮೆ ಪಡಸಾಲೆಯ ಕಡೆ, ಒಮ್ಮೆ ಒನಕೆಯ ಕಡೆ ನೋಡಿದರು.

"ನಾಲ್ಕ ವರ್ಷ ಕೆಮ್ಮು ಕೇಳೀನಿ," ಎಂದು ಗೊಣಗಿ, ಧೋತರ ಮೇಲೆ ಕಟ್ಟಿ, ಹೆಗಲು ಕೊಟ್ಟರು. "ದನಿ ಹ್ಯಾಂಗೈತಿ ನೋಡೇ ಬಿಡೂಣು."

ಹೊಸ್ತಿಲ ಬಳಿ ಶಿವಲಿಂಗವ್ವ ನಿಂತು ಗಂಡನಿಗೆ, "ಇಲ್ಲೇ ಹೋಗಿ ಬರ್ತೀನಿ, ಕುಂದರ್ರಿ," ಎಂದಳು.

ಘಾಟಿನ ಮೆಟ್ಟಿಲ ಮೇಲೆ ಚಂದ್ರಭಾಗಾ ಮೊದಲಾಗಿ ಹೆಂಗಸರು, ಹಿಂದೆ ತಾಳ ಹಿಡಿದೇ ಭಜನೆಯವರು ಬಂದು ನಿಂತರು. ಶಿವಲಿಂಗವ್ವ ಮೋಟಾರನ್ನು ಗಂಡನ ದೋಣಿಯ ಬೆನ್ನಿಗೆ ತಿರುಪಿನಿಂದ ಬಿಗಿದಳು, ನತ್ತು ತೊಡಿಸಿದಳು, ಎರಡೂ ಕೈಯಿಂದ ಗಾಲಿಯ ಹಿಡಿಕೆ ಹಿಡಿದು ತೂಗಿದಳು. ಗಾಲಿ ತಿರುಗಿ ಸುಮ್ಮನಾಯಿತು. ಮತ್ತೆ ತಿರುವಿದಳು. ಹಿಡಿಕೆ ತಿರುಗಿ ಬಂದು ಮಣಿಕಟ್ಟಿಗೆ ಬಡಿದು, ಬಳೆ ಒಡೆದು ನೀರಿಗೆ ಬಿತ್ತು.

"ಬಳಿ ಒಡೀತು," ಎಂದು ಯಾರೋ ಲೊಚಗುಟ್ಟಿದರು.

"ಹೆಂಗಿದ್ರೂ ನೀವು ಇವತ್ತ ಒಡೀಯಾವ್ರಽ ಇದ್ದಿರಿ. ನಿ‌ಮ್ಮ ಕೆಲಸ ಆಕಿ ಮಾಡಿದ್ಲು!" ಎಂದಳು ಶಿವಲಿಂಗವ್ವ, ಮಣಿಕಟ್ಟು ಬಾಯಿಗಿಟ್ಟುಕೊಳ್ಳುತ್ತ.

"ಇಂಗ್ಲಿಷನ್ಯಾಗ ಬೈಯವಾ!" ಎಂದು ಆಚೆ ದಂಡೆಯಿಂದ ಲಕ್ಷ್ಮಪ್ಪ ಕೂಗಿದ. ಬೆಳಗಿನಿಂದ ಆ ದಂಡೆಯಿಂದ ಬಂದ ಮೊದಲ ಮಾತು ಅದು.

ಶಿವಲಿಂಗವ್ವನಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಮಾರ್ತಾಂಡರಾಯರಿಗೆ ಬರುತ್ತಿತ್ತು. ಐವತ್ತು ವರ್ಷದ ಮರ್ಯಾದೆಯನ್ನು ಪಕ್ಕಕ್ಕಿಟ್ಟು, ಕ್ಯಾಂಪಿನ ಗೋರಾ ಸಿಪಾಯಿಗಳ ಬಾಯಲ್ಲಿ ಕೇಳಿದ್ದೊಂದನ್ನು ಅವರು ಹೊಳೆಯ ಮೇಲೆ ಗಟ್ಟಿಯಾಗಿ ಒದರಿದರು. ಅವಳು ಗಾಲಿ ತಿರುವಿದಳು.

ಢಂ ಎಂದಿತು. ನೀಲಿ ಹೊಗೆ ಮೆಟ್ಟಿಲುಗಳನ್ನು ಮುಚ್ಚಿತು. ಆ ಹೊಗೆಯೊಳಗಿಂದ ದೋಣಿ ಬೆನ್ನು ಮುಂದೆ ಮಾಡಿಕೊಂಡು, ಕೆಮ್ಮುತ್ತ, ಗುಡುಗುತ್ತ ಹೊರಟಿತು. ಆಚೆ ದಂಡೆಯ ಮಂದಿ ಕೈ ಎತ್ತಿ ಕೇಕೆ ಹಾಕಿದರು. ಈಚೆ ದಂಡೆಯಲ್ಲೊಬ್ಬ ತಾಳ ಕುಟ್ಟಿಬಿಟ್ಟ. ಯಾಕೆ ಕುಟ್ಟಿದೆನೆಂದು ಅವನಿಗೇ ತಿಳಿಯಲಿಲ್ಲ.

ಅಯ್ಯನವರ ಚಕ್ಕಡಿ ಬಂತೇನೋ ನೋಡಲು ಗಲ್ಲಿಯ ತುದಿಗೆ ಹೋಗಿದ್ದ ಗುರುಪುತ್ರಪ್ಪ ಓಡಿಬರುವಷ್ಟರಲ್ಲಿ ದೋಣಿ ಕೇರಿಯ ದಂಡೆ ಮುಟ್ಟಿ, ತುಂಬಿ, ಮರಳುತ್ತಿತ್ತು.

ಆದರೆ ದೋಣಿಯಲ್ಲಿದ್ದವರು ಯಾರೂ ಅಂಚು ಹಿಡಿದಿರಲಿಲ್ಲ. ದೋಣಿ ಹೊಯ್ದಾಡಿದರೆ ಎಲ್ಲರೂ ಒಟ್ಟಿಗೇ ಎಡಕ್ಕೆ, ಒಟ್ಟಿಗೇ ಬಲಕ್ಕೆ ವಾಲುತ್ತಿದ್ದರು. ಹತ್ತಿರ ಬಂದಾಗ ಕಂಡಿತು: ಪ್ರತಿಯೊಬ್ಬರ ಬೊಗಸೆಯಲ್ಲೂ ಮಣ್ಣಿತ್ತು. ಲಕ್ಷ್ಮಪ್ಪನ ಅಂಗಳದ ಮಣ್ಣು, ಭಾನುವಾರಗಳ ಎಣ್ಣೆ ಕುಡಿದು ಕಪ್ಪಾದ ಮಣ್ಣು.

ಶಿವಲಿಂಗವ್ವ ನತ್ತಿನ ತಂತಿ ಕಿತ್ತಳು. ಮೋಟಾರು ನಿಂತಿತು. ದೋಣಿ ಮೆಟ್ಟಿಲಿಗೆ ಮಾರು ದೂರದಲ್ಲಿ ನಿಂತು, ಸೆಳವಿಗೆ ಸಿಕ್ಕು ಸಾವಕಾಶ ಕೆಳಕ್ಕೆ ಜಾರತೊಡಗಿತು.

"ಯಾರರ ಹಗ್ಗ ಹಿಡೀರೋ!" ಎಂದು ಚಂದ್ರಭಾಗಾ ಚೀರಿದಳು. "ಅವರ ಕೈ ಖಾಲಿ ಇಲ್ಲೋ, ಕುರುಡ್ರ್ಯಾ!"

ಮೊದಲು ಧೋತರ ಮೇಲೆತ್ತಿ ನೀರಿಗಿಳಿದವರು ಮಾರ್ತಾಂಡರಾಯರು. ಮುದುಕರೊಬ್ಬರಿಗೇ ದೋಣಿ ಜಗ್ಗುವುದು ಆಗಲಿಲ್ಲ. ಭಜನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ತಾಳಗಳು ಒಂದೊಂದಾಗಿ ಕಲ್ಲಿನ ಮೇಲೆ ಕುಳಿತವು. ಎದೆಮಟ್ಟದ ನೀರಿಗೆ ಇಳಿದು, ಕೇರಿಯವರ ಮೊಣಕಾಲಿಗೆ ಹೆಗಲು ತಾಗಿಸಿ ಅಂಚು ಹಿಡಿದು, ಹೋ ಎಂದು ದೋಣಿಯನ್ನು ದಂಡೆಗೆಳೆದರು.

ಗುರುಪುತ್ರಪ್ಪ ಮೆಟ್ಟಿಲುಗಳ ನಡುವೆ ನಿಂತಿದ್ದ. ಸುತ್ತ ನೋಡಿದ. ಅವನ ಬಾಜೂಕ್ಕೆ ಒಣಬಟ್ಟೆಯ ಗಂಡಸರು ಯಾರೂ ಉಳಿದಿರಲಿಲ್ಲ.

"ಬಂದದ್ದು ಬಂದ್ರಿ," ಎಂದ. "ದೂರ ನಿಂತ ಕೈ ಮುಗದ ಹೋಗ್ರಿ. ಆ ಮಣ್ಣ ಅಲ್ಲೇ ಹೊಳಿಗಿ ಚೆಲ್ಲ್ರಿ. ಈ ದಂಡ್ಯಾಗೇನ ಮಣ್ಣಿಗಿ ಬರಾ ಬಂದಿಲ್ಲ."

ದೋಣಿಯ ತುದಿಯಲ್ಲಿ ಮಾಯಕ್ಕ ನಿಂತಿದ್ದಳು. ಅವಳು ತನ್ನ ಬೊಗಸೆಯನ್ನೊಮ್ಮೆ ನೋಡಿಕೊಂಡಳು. ಬೆರಳ ಸಂದಿಯಿಂದ ಕಪ್ಪು ನೀರು ಇಳಿದು, ಮೊಣಕೈವರೆಗೆ ಗೆರೆ ಎಳೆದು, ಹಸಿರು ಬಳೆಗಳ ಮೇಲೆ ಹನಿಯಾಗಿ ನಿಂತಿತ್ತು.

"ಚೆಲ್ಲೂದಿಲ್ರೀ ಯಪ್ಪಾ," ಎಂದಳು.

ಬೊಗಸೆಯನ್ನು ಎದೆಯ ಮಟ್ಟಕ್ಕೆ ಎತ್ತಿ, ಮೊದಲ ಮೆಟ್ಟಿಲಿಗೆ ಕಾಲಿಟ್ಟಳು.